ಬಾಜೂ ಮನಿಯಾಕಿ

ಹೋದ ತಿಂಗಳು ಗೆಳತಿಯ ಮಗನ ಜವಳಕ್ಕೆಂದು ಬೀದರಿನಿಂದ ಭಾತಂಬ್ರಾಕ್ಕೆ ಹೊರಟಿದ್ದೆ. ಬಸ್ಸು ಭಾಲ್ಕಿ ಊರು ದಾಟಿ ಭಾತಂಬ್ರಾ ರಸ್ತೆಗೆ ಹೊರಳುವಾಗ ಎದುರಿಗೆ ಕುರಿಹಿಂಡು ಬಂತು. ಡ್ರೈವರ್ ಬೈಯುತ್ತಲೇ ಬ್ರೇಕು ಒತ್ತಿದ. ಮಳೆ ಆಗಷ್ಟೇ ನಿಂತಿತ್ತು. ತೊಯ್ದ ಉಣ್ಣೆಯ ವಾಸನೆ, ಕಾದ ಬ್ರೇಕಿನ ವಾಸನೆ, ಡೀಸೆಲ್ ಹೊಗೆ ಎಲ್ಲ ಕೂಡಿ ಕಿಟಕಿಯಿಂದ ಒಳಗೆ ಬಂದವು. ಪಕ್ಕದ ಸೀಟಿನವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ತಲೆ ತಗ್ಗಿಸಿದೆ. ಬಸ್ಸು ಬಂದು ನಿಂತಿದ್ದು ಬೇರೆಲ್ಲೂ ಅಲ್ಲ, ಆ ಬೇವಿನ ಗಿಡದ ಎದುರಿಗೇ.

ಆ ಗಿಡದ ಕೆಳಗೆ ನಾನು ಒಂದು ಮಳೆಗಾಲವಿಡೀ ನಿಂತಿದ್ದೇನೆ. ಈಗ ಅಲ್ಲಿ ಯಾರೋ ಪಂಕ್ಚರ್ ಅಂಗಡಿ ಹಾಕಿದ್ದಾರೆ. ಹಳೆಯ ಟೈರುಗಳ ಗುಡ್ಡೆ, ಅದರ ಮೇಲೆ ಮಲಗಿದ ನಾಯಿ. ನನ್ನ ಗುರುತು ಹಿಡಿಯುವವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಯಾರಾದರೂ ಹಿಡಿದಾರೇನೋ ಎಂದು ಮುಖವನ್ನು ಆಚೆ ಕಡೆ ತಿರುಗಿಸಿಕೊಂಡೆ. ಇಷ್ಟು ವರ್ಷವಾದರೂ ಆ ಜಾಗ ಕಂಡರೆ ನನ್ನ ಕತ್ತು ತಾನಾಗಿಯೇ ಬಾಗುತ್ತದೆ.

ನಮ್ಮದು ಔರಾದ ತಾಲೂಕಿನ ಒಳಗಿನ ಹಳ್ಳಿ. ಡಾಂಬರು ರಸ್ತೆ ಬಿಟ್ಟು, ಹಳ್ಳ ದಾಟಿ, ತೊಗರಿ ಹೊಲಗಳ ನಡುವಿನ ದಾರಿ ಹಿಡಿದು ಹೋಗಬೇಕು. ಕುರಿ ಸಾಕುವ ಮನೆತನ. ನನ್ನ ಮಾವ ವರ್ಷದ ಬಹುಪಾಲು ಕುರಿಗಳ ಹಿಂದೆ ಊರೂರು ತಿರುಗಿದವರು. ಕಂಬಳಿ ಹಾಸಿದ ಕಡೆ ಮಲಗಿ ಎದ್ದವರು. ನಿನ್ನ ಮನೆ ಎಲ್ಲಿ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಅವರ ಒಬ್ಬನೇ ಮಗ, ಅಂದರೆ ನಮ್ಮ ಮನೆಯವರು, ಕುರಿ ಬಿಟ್ಟು ಲಾರಿ ಹಿಡಿಯುತ್ತೇನೆಂದು ಹೊರಟಾಗ ಎಲ್ಲರೂ ಮೊದಲು ಕೇಳಿದ್ದು ಅದನ್ನೇ.

ಅವರಿಗೆ ಹೆವಿ ಲೈಸೆನ್ಸ್ ಇತ್ತು, ಘಾಟಿನಲ್ಲಿ ಗಾಡಿ ಇಳಿಸಿದ ಅನುಭವ ಇತ್ತು, ಕುಡಿಯುವ ಚಟ ಇರಲಿಲ್ಲ. ಬೀದರಿನ ಲಾರಿ ಆಫೀಸಿಗೆ ಹೋಗಿ ಇದನ್ನೆಲ್ಲ ಹೇಳಬೇಕೆಂದು ಬಸ್ಸಿನಲ್ಲಿ ಕುಳಿತು ಬಾಯಿಪಾಠ ಮಾಡಿಕೊಂಡಿದ್ದರಂತೆ. ಅಲ್ಲಿ ಒಬ್ಬ ಮುನಶಿ ಇದ್ದ. ಮಾಲೀಕ ಹೆಸರಿಗೆ ಮಾತ್ರ. ಡ್ರೈವರುಗಳನ್ನು ಇಡುವುದು, ಬಿಡಿಸುವುದು, ರಜೆ ಕೊಡುವುದು ಎಲ್ಲ ಈ ಮುನಶಿಯ ಕೈಯಲ್ಲಿ. ಅವನು ಲೈಸೆನ್ಸನ್ನು ಕೈಯಲ್ಲಿ ಹಿಡಿದೇ ಇದ್ದ, ನೋಡಲಿಲ್ಲ.

“ಮನಿ ಎಲ್ಲಿ?” ಎಂದ. ಊರ ಹೆಸರು ಹೇಳಿದರು.

“ಔರಾದ ಒಳಗಿನ ಮಂದಿ ಬ್ಯಾಡಪ್ಪ. ಊರಿಗಿ ಹೋಗ್ಲಾಕ ಒಂದಿನ, ಬರ್ಲಾಕ ಒಂದಿನ. ಹಳ್ಳ ಬಂದ್ರ ಅಲ್ಲೇ ಕೂಡ್ತೀರಿ. ಗಾಡಿ ಇಲ್ಲಿ ನಿಂತು ತುಕ್ಕು ಹಿಡೀತದ. ಲೈನ್ ಮ್ಯಾಲ ಮನಿ ಇದ್ರ ಬಾ, ಇಲ್ಲಂದ್ರ ನಮಸ್ಕಾರ.”

ಲೈನ್ ಎಂದರೆ ಅವರ ಲಾರಿಗಳು ಓಡುವ ದಾರಿ. ಬೀದರಿನಲ್ಲಿ ಬೇಳೆ ಮೂಟೆ ತುಂಬಿಕೊಂಡು ಭಾಲ್ಕಿ, ಭಾತಂಬ್ರಾ ಹಾಯ್ದು ಮಹಾರಾಷ್ಟ್ರದ ಕಡೆ ಹೋಗುವುದು, ಬರುವಾಗ ಗೊಬ್ಬರವೋ ಸಿಮೆಂಟೋ ಹೇರಿಕೊಂಡು ಅದೇ ದಾರಿಯಲ್ಲಿ ಮರಳುವುದು. ನಮ್ಮ ಮನೆಯವರು ಮುಖ ಸಣ್ಣದು ಮಾಡಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತರು. ಆಗ ನಾನು ಜಾಣಿಯ ಹಾಗೆ ಒಂದು ಮಾತು ಹೇಳಿದೆ. “ಮನಿ ಲೈನ್ ಮ್ಯಾಲ ಇಲ್ಲಂದ್ರ ನಾವೇ ಲೈನ್ ಮ್ಯಾಲ ಹೋಗೋಣ್ರಿ. ಭಾಲ್ಕಿಯಾಗ ಖೋಲಿ ಹಿಡಿಯೋಣ.” ಅತ್ತೆಗೂ ಅದು ಸರಿ ಅನ್ನಿಸಿತು. “ಕುರಿ ಎಲ್ಲಿ ಮೇಯ್ತಾವ ಅಲ್ಲಿ ಹಟ್ಟಿ ಹಾಕ್ತೀವಿ. ಇದೂ ಹಂಗೇ ತಿಳಿ ಮಾಣಿಕ,” ಎಂದರು. ನನ್ನ ಬುದ್ಧಿಯ ಬಗ್ಗೆ ನನಗೆ ಅಂದು ಬಹಳ ಹೆಮ್ಮೆ. ನಮ್ಮ ಮಗಳು ಪೂಜಾ ಆಗ ಇನ್ನೂ ಸಾಲೆಗೆ ಸೇರದ ಕೂಸು. ಅವಳನ್ನು ಎತ್ತಿ ಕುಣಿಸಿದ್ದೆ.

ಭಾಲ್ಕಿಯ ಕೊನೆಗೆ, ಭಾತಂಬ್ರಾ ರಸ್ತೆಯ ಅಂಚಿಗೆ, ಗಂಗೂಬಾಯಿ ಎನ್ನುವವರ ಮನೆಯಲ್ಲಿ ಬಾಡಿಗೆಗೆ ಒಂದು ಖೋಲಿ, ಒಂದೇ ಕೋಣೆ, ಸಿಕ್ಕಿತು. ಅತ್ತೆ ಊರಲ್ಲೇ ಇರುವುದೆಂದು ಮಾತಾಯಿತು. ಮಾವ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಉಳಿದ ಕುರಿಗಳನ್ನು ಮಾವನ ತಮ್ಮನ ಮಕ್ಕಳ ಹಿಂಡಿಗೆ ಸೇರಿಸಿದ್ದರೂ ಅತ್ತೆಗೆ ಅವುಗಳ ಮೇಲೊಂದು ಕಣ್ಣಿಡಬೇಕು. ಸಾಮಾನು ಹೊಂದಿಸಿ ಹೋಗಲೆಂದು ನಮ್ಮ ಜೊತೆ ಬಂದಿದ್ದರು, ಅಷ್ಟೆ.

ಮುನಶಿ ಬಾಯಿಮಾತು ನಂಬುವ ಆಸಾಮಿಯಲ್ಲ. ಮನೆ ನಿಜವಾಗಿ ದಾರಿಯ ಮೇಲಿದೆಯೋ ಇಲ್ಲವೋ ನೋಡಲು ಎರಡನೆಯ ದಿನವೇ ಮೋಟರ್ ಸೈಕಲ್ ಮೇಲೆ ಬಂದ. ಗಂಗೂಬಾಯಿಯಿಂದ ಕುರ್ಚಿ ತಂದು ಹಾಕಿದೆ, ಚಹಾ ಇಟ್ಟೆ. ಅವನು ಬಾಗಿಲಿನಿಂದ ರಸ್ತೆಗೆ ಎಷ್ಟು ದೂರವೆಂದು ಕಣ್ಣಲ್ಲೇ ಅಳೆದ. ಸಮಾಧಾನವಾದಂತೆ ಕಂಡಿತು. ಆಮೇಲೆ ಚಹಾ ಹೀರುತ್ತ ಕೇಳಿದ:

“ಊರಾಗ ತಾಯಿ ತಂದಿ ಅದಾರೇನು? ಇದ್ರ ಈಗೇ ಹೇಳು. ಮುದುಕರು ಇದ್ದವರದು ನನಗ ಗೊತ್ತದ. ಒಮ್ಮಿ ಕಾಲುನೋವು ಅಂತ ಫೋನ್ ಬರ್ತದ, ಒಮ್ಮಿ ದಮ್ಮು ಅಂತ ಬರ್ತದ. ಗಾಡಿ ಎಲ್ಲಿ ಇರ್ತದ ಅಲ್ಲೇ ಬಿಟ್ಟು ಓಡ್ತೀರಿ.”

“ತಂದಿ ತೀರಿಕೊಂಡಾರ್ರಿ,” ಎಂದರು ನಮ್ಮ ಮನೆಯವರು.

“ತಾಯಿ?”

ಅವರು ನೆಲ ನೋಡತೊಡಗಿದರು. ನಾನು ಚಹಾದ ಪಾತ್ರೆ ನೋಡತೊಡಗಿದೆ. ಮೂಲೆಯಲ್ಲಿ ಅತ್ತೆ ಕಸಬರಿಗೆ ಹಿಡಿದು ಜೇಡರಬಲೆ ತೆಗೆಯುತ್ತಿದ್ದರು. ಮುನಶಿಯ ಕಣ್ಣು ಅತ್ತ ಹೊರಳಿತು. ಅತ್ತೆ ಕೆಲಸ ನಿಲ್ಲಿಸದೆ, ಅತ್ತ ತಿರುಗಿಯೂ ನೋಡದೆ ಹೇಳಿದರು: “ಅವರಿಗಿ ಯಾರೂ ಇಲ್ರಿ ಪಾಪ. ನಾ ಬಾಜೂ ಮನಿಯಾಕಿ. ಹೊಸದಾಗಿ ಬಂದಾರ, ಜರಾ ಕೈ ಹಚ್ಚಿ ಕೊಡಲಿಕ್ಕಿ ಬಂದೇನಿ.”

“ಹಂಗಾದ್ರ ನಾಳಿ ಬಂದು ಚಾವಿ ತಗೋ,” ಎಂದು, ಅತ್ತೆಯನ್ನು ಪಕ್ಕದ ಮನೆಯವಳೆಂದೇ ನಂಬಿದ ಮುನಶಿ ಎದ್ದ. ಅವನು ಹೋದ ಮೇಲೆ ಅವನು ಕುಡಿದ ಒಂದು ಕಪ್ಪನ್ನು ನಾನು ಬಹಳ ಹೊತ್ತು ತೊಳೆದೆ. ಒಳಗೆ ಹೋಗಲು ಮುಖ ಇರಲಿಲ್ಲ. ಅತ್ತೆಯೇ ಹೊರಗೆ ಬಂದು, “ಗಾಡಿ ಸಿಕ್ತಲ್ಲ, ಮತ್ತ್ಯಾಕ ಮಾರಿ ಹಂಗ ಮಾಡ್ತಿ,” ಎಂದರು. ಮರುದಿನ ಮುಂಜಾನೆ ಔರಾದ ಬಸ್ಸು ಹತ್ತಿದರು.

ಮೊದಮೊದಲು ನಾನು ಸುಖದಲ್ಲಿದ್ದೆ ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಲಾರಿ ಬರುವ ಮೊದಲು ಹಾರ್ನ್ ಕೇಳುತ್ತಿತ್ತು, ಎರಡು ಗಿಡ್ಡ, ಒಂದು ಉದ್ದ. ಪೂಜಾ ಬರಿಗಾಲಲ್ಲಿ ಓಡುತ್ತಿದ್ದಳು. ಅವರು ಬಂದು ತಲೆಯ ಮೇಲೆ ನಾಲ್ಕು ಚೊಂಬು ನೀರು ಸುರಿದುಕೊಂಡು, ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡು ಹೋಗುತ್ತಿದ್ದರು. ಊರಲ್ಲಿ ಮಾವನ ತಮ್ಮನ ಸೊಸೆಯರಾದ ನನ್ನ ವಾರಗಿತ್ತಿಯರ ಗಂಡಂದಿರು ಕುರಿ ಹಿಂದೆ ಹೋದರೆ ತಿಂಗಳುಗಟ್ಟಲೆ ಸುದ್ದಿ ಇರುತ್ತಿರಲಿಲ್ಲ. ನಮ್ಮ ಮನೆಯವರೋ ವಾರದಲ್ಲಿ ಮೂರು ನಾಲ್ಕು ಸಲ ಬಾಗಿಲಿಗೆ ಬರುತ್ತಿದ್ದರು. ಫೋನಿನಲ್ಲಿ ಅವರಿಗೆಲ್ಲ ಹೇಳಿ ಹೇಳಿ ಹೊಟ್ಟೆ ಉರಿಸಿದ್ದೆ.

ಪೂಜಾಳಿಗೆ ಜ್ವರ ಬಂದು ಇಳಿಯದೇ ಹೋದಾಗ ಮೊದಲ ಸಲ ಒಂದು ದಿನದ ರಜೆ ಕೇಳಿದರು. ಅದೇ ವಾರ ಬಿಹಾರದ ಒಬ್ಬ ಡ್ರೈವರಿಗೆ ಪೂರಾ ಒಂದು ತಿಂಗಳು ರಜೆ ಸಿಕ್ಕಿತ್ತು. ಮುನಶಿ ನಕ್ಕನಂತೆ. “ಅವನ ಮನಿ ದೂರ ಅದ, ಅವನಿಗಿ ಕೊಡಬೇಕು. ನಿನ್ನ ಮನಿ ಲೈನ್ ಮ್ಯಾಲೇ ಅದ. ಹೋಗ್ತಾ ಹೆಂಡ್ತಿ ಮಾರಿ ನೋಡ್ತಿ, ಬರ್ತಾ ಮಗಳ ಮಾರಿ ನೋಡ್ತಿ. ನಿನಗ್ಯಾಕ ಛುಟ್ಟಿ?”

ಅದನ್ನು ಅವರು ನನಗೆ ಹೇಳುವಾಗ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಮನೆಯನ್ನು ಎತ್ತಿ ದಾರಿಯ ಮೇಲೆ ಇಟ್ಟವಳು ನಾನು. ಆ ದಾರಿಯ ಮೇಲೆ ಮನೆ ಇದ್ದದ್ದಕ್ಕೇ ಅವರು ಆ ವರ್ಷ ಒಂದು ರಾತ್ರಿಯೂ ಆ ಮನೆಯಲ್ಲಿ ಮಲಗಲಿಲ್ಲ.

ಮಳೆ ಹಿಡಿದ ಮೇಲೆ ಇನ್ನೊಂದು ಪಜೀತಿ ಶುರುವಾಯಿತು. ರಸ್ತೆಯ ಬದಿ ಕೆಸರಾಗಿ ಮನೆಯ ಮುಂದೆ ಲಾರಿ ಇಳಿಸಲು ಆಗದು. ರಸ್ತೆಯಲ್ಲೇ ನಿಲ್ಲಿಸಿದರೆ ಹಿಂದಿನ ಬಸ್ಸಿನವರು ಬೈಯುತ್ತಾರೆ. ಗಟ್ಟಿ ನೆಲ ಇದ್ದದ್ದು ಊರಾಚೆ, ಬೇವಿನ ಗಿಡದ ಹತ್ತಿರ. ಗಾಡಿಗೆ ಕೂಡಿಸಿದ ಯಂತ್ರದಿಂದ ಅದು ಎಲ್ಲಿ ನಿಂತಿದೆ, ಎಷ್ಟು ಹೊತ್ತು ನಿಂತಿದೆ ಎಂಬುದು ಬೀದರಿನ ಆಫೀಸಿಗೆ ಕಾಣುತ್ತಿತ್ತು. ಸ್ವಲ್ಪ ತಡವಾದರೆ ಮುನಶಿಯ ಫೋನು. ಹೀಗಾಗಿ ಡಬ್ಬಿ, ನೀರಿನ ಕ್ಯಾನು ಹಿಡಿದು ನಾನೇ ಮುಂಚೆ ಹೋಗಿ ಗಿಡದ ಕೆಳಗೆ ನಿಲ್ಲಬೇಕಾಯಿತು. ಲಾರಿ ಬರುವ ಹೊತ್ತು ಎಂದೂ ಒಂದೇ ಇರುತ್ತಿರಲಿಲ್ಲ.

ಊರ ಹೊರಗೆ, ಲಾರಿಗಳು ಓಡುವ ರಸ್ತೆಯ ಪಕ್ಕ, ಒಬ್ಬ ಹೆಂಗಸು ದಿನ ಬಿಟ್ಟು ದಿನ ನಿಂತಿರುತ್ತಾಳೆ. ಒಂದು ಲಾರಿ ಬರುತ್ತದೆ. ಅವಳು ಅದರೊಳಗೆ ಹತ್ತುತ್ತಾಳೆ. ಸ್ವಲ್ಪ ಹೊತ್ತಿಗೆ ಇಳಿಯುತ್ತಾಳೆ. ನೋಡುವವರು ಏನೆಂದುಕೊಂಡರು ಎಂದು ನಾನು ಬಿಡಿಸಿ ಬರೆಯಬೇಕಿಲ್ಲ. ಮೋಟರ್ ಸೈಕಲ್ಲುಗಳು ನನ್ನ ಹತ್ತಿರ ಬಂದಾಗ ನಿಧಾನವಾಗುತ್ತಿದ್ದವು. ಒಂದು ಸಲ ನಮ್ಮದಲ್ಲದ ಒಂದು ಲಾರಿ ನಿಂತು, ಅದರ ಡ್ರೈವರ್ ಬಾಗಿಲು ತೆರೆದು, “ಬರ್ತಿ ಏನು?” ಎಂದ. ನಾನು ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ಬೇರೆ ಕಡೆ ನೋಡುತ್ತ ನಿಂತೆ. ಅಂದಿನಿಂದ ತಾಳಿಯನ್ನು ಸೆರಗಿನ ಮೇಲೆ ಎಳೆದುಕೊಂಡು ನಿಲ್ಲತೊಡಗಿದೆ. ಸ್ಟೀಲಿನ ಡಬ್ಬಿ ದೂರದಿಂದ ಕಾಣಲೆಂದು ಚೀಲದಲ್ಲಿ ಇಡದೆ ಕೈಯಲ್ಲಿ ಹಿಡಿಯತೊಡಗಿದೆ. ಮಳೆಯಲ್ಲಿ ಪೂಜಾಳನ್ನೂ ಎಳೆದುಕೊಂಡು ಹೋಗುತ್ತಿದ್ದೆ. ನಾನು ಸಂಸಾರಸ್ಥೆ ಎನ್ನಲು ಆ ಕೂಸೇ ಸಾಕ್ಷಿ. ಅದಕ್ಕೆ ನೆಗಡಿ ಬಿಡಲೇ ಇಲ್ಲ.

ಗಂಗೂಬಾಯಿ ಕೆಟ್ಟವರಲ್ಲ. ಒಂದು ದಿನ ಹತ್ತಿರ ಕೂರಿಸಿಕೊಂಡು ಹೇಳಿದರು. “ನನಗ ಗೊತ್ತದ ಸವಿತಾ, ನೀ ಗಂಡಗ ರೊಟ್ಟಿ ಕೊಡ್ಲಾಕ ಹೋಗ್ತಿ. ಆದ್ರ ಮಂದಿ ಬಂದು ನನಗ ಕೇಳ್ತಾರವ್ವ, ಅಕಿ ಎಂಥಾಕಿ ಅಂತ. ನನ್ನ ಮನ್ಯಾಗ ಮದುವಿಗಿ ಬಂದ ಹೆಣ್ಣುಮಗಳು ಅದಾಳ.” ಖೋಲಿ ಬಿಡು ಎಂದು ಬಾಯಿ ಬಿಟ್ಟು ಅನ್ನಲಿಲ್ಲ. ನಾನು ಗಂಡನಿಗೂ ಇದನ್ನು ಹೇಳಲಿಲ್ಲ, ಹೇಳಲು ನಾಲಿಗೆ ಬರಲಿಲ್ಲ. ಆದರೆ ಭಾಲ್ಕಿಯ ಸಂತೆಗೆ ಬಂದ ನಮ್ಮೂರಿನವರು ಯಾರೋ ನನ್ನನ್ನು ನೋಡಿದ್ದರು. ಮಾತು ಊರಿಗೆ ಹೋಯಿತು.

ಮೂರನೆಯ ದಿನ ಅತ್ತೆ ಬಂದು ಬಾಗಿಲಲ್ಲಿ ನಿಂತರು. ತಲೆಯ ಮೇಲೆ ಮಾವನ ಕರಿ ಕಂಬಳಿ, ಕೈಯಲ್ಲಿ ಕುರಿ ಕಾಯುವ ಬಡಿಗೆ. ಬೈಯಲಿಕ್ಕೇ ಬಂದಿದ್ದಾರೆ ಎಂದುಕೊಂಡೆ. ಅವರು ಕಂಬಳಿ ಕೊಡವಿ ಗೂಟಕ್ಕೆ ಹಾಕಿ, “ಇವತ್ತು ಗಾಡಿ ಎಷ್ಟಕ್ಕ ಬರ್ತದ?” ಎಂದರು. “ನಾನೂ ನಿನ್ನ ಜೋಡಿ ನಿಂದ್ರತೇನಿ. ಮುದುಕಿ ಬಾಜೂಕ ಇದ್ರ ಯಾವನೂ ಮಾತಾಡಲ್ಲ.”

ಅಂದಿನಿಂದ ನಾವಿಬ್ಬರೂ ನಿಂತೆವು. ಶ್ರಾವಣ ಪೂರ್ತಿ. ಮಳೆ ಜೋರಾದರೆ ಕಂಬಳಿಯನ್ನು ನನ್ನ ತಲೆಯ ಮೇಲೂ ಎಳೆಯುತ್ತಿದ್ದರು. ಆ ತೊಯ್ದ ಉಣ್ಣೆಯ ವಾಸನೆಗೆ ಮೊದಲು ತಲೆ ಸುತ್ತುತ್ತಿತ್ತು, ಆಮೇಲೆ ಅದಿಲ್ಲದೆ ಭಯವಾಗುತ್ತಿತ್ತು. ಮೋಟರ್ ಸೈಕಲ್ ನಿಧಾನ ಮಾಡಿದವರಿಗೆ ಬಡಿಗೆ ಎತ್ತಿ, “ಯಾನ್ ನೋಡ್ತಿ? ನನ್ನ ಮಗನ ಗಾಡಿ ಬರ್ಲತ್ತದ, ನಿಂತೇವಿ. ನಿಂಗೇನು ಬೇಕು?” ಎನ್ನುತ್ತಿದ್ದರು. ದಾರಿಹೋಕರು, ಎಮ್ಮೆ ಕಾಯುವವರು, ಕಬ್ಬಿನ ಹೊಲದ ಆಳುಗಳು, ಯಾರು ಸಿಕ್ಕರೂ ಕೇಳದಿದ್ದರೂ ಹೇಳುತ್ತಿದ್ದರು, ನನ್ನ ಮಗನ ಗಾಡಿ ಎಂದು. ಆ ರಸ್ತೆಯಲ್ಲಿ ಅವರಿಗೆ ಮಗ ಇದ್ದಾನೆಂದು ಗೊತ್ತಿಲ್ಲದವನು ಮುನಶಿ ಒಬ್ಬನೇ.

ಭಾದ್ರಪದ ಹತ್ತಿರ ಬಂದಂತೆ ಅತ್ತೆಗೆ ಒಂದು ಚಿಂತೆ ಹತ್ತಿತು. ಮಾವನ ವರ್ಷದ ಎಡೆ. ನಮ್ಮಲ್ಲಿ ವರ್ಷ ತುಂಬಿದ ದಿನ ಮಗನೇ ತನ್ನ ಕೈಯಾರೆ ಅಪ್ಪನಿಗೆ ಎಡೆ ಇಡಬೇಕು, ಹಟ್ಟಿಯಲ್ಲೇ ಇಡಬೇಕು, ಆ ರಾತ್ರಿ ಅಲ್ಲೇ ಮಲಗಬೇಕು. ಅತ್ತೆ ಲಾರಿಯ ಮೆಟ್ಟಿಲು ಹಿಡಿದು ನಿಂತು ಮಗನಿಗೆ ಹೇಳಿದರು. “ಎಲ್ಲಾದಕ್ಕೂ ಸುಮ್ಮನದೀನಿ ಮಾಣಿಕ. ಇದೊಂದಕ್ಕ ನೀ ಬರಬೇಕು. ಒಂದು ರಾತ್ರಿ.”

“ಏನಂತ ಕೇಳ್ಲಿ ಅವ್ವ? ಊರಾಗ ಯಾರೂ ಇಲ್ಲಂತ ಹೇಳೀವಿ,” ಎಂದರು ಅವರು. ತುತ್ತು ಕೈಯಲ್ಲೇ ಇತ್ತು. ಅತ್ತೆ ಮೆಟ್ಟಿಲು ಹಿಡಿದ ಕೈ ಬಿಡಲಿಲ್ಲ. ಆಮೇಲೆ ನಮ್ಮ ಮನೆಯವರೇ ಅಂದರು, “ಖರೇನೇ ಹೇಳ್ತೇನಿ. ಹೋದ್ರ ಹೋಗ್ಲಿ ಗಾಡಿ.”

ಎಡೆಗೆ ಕೆಲವು ದಿನ ಇರುವಾಗ ಅವರ ಫೋನು ಬಂತು. ಮುನಶಿ ಏನೋ ಕೆಲಸಕ್ಕೆ ಅವರ ಲಾರಿಯಲ್ಲೇ ಮಹಾರಾಷ್ಟ್ರದ ಕಡೆ ಹೊರಟಿದ್ದ. “ಅವ್ವಗ ಕರಕೊಂಡು ನಿಂದ್ರು. ಅವನ ಮುಂದೇ ಹೇಳ್ತೇನಿ, ಇಕಿ ನಮ್ಮವ್ವ ಅಂತ. ಕಣ್ಣಿಲೆ ನೋಡಿದ್ರ ಒಲ್ಲೆ ಅನ್ನಲ್ಲ.” ಅತ್ತೆಗೆ ಹೇಳಿದೆ. ಅವರು ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟರು. ತಲೆ ಬಾಚಿಕೊಂಡರು. ಕಂಬಳಿ ಹೊದೆಯಲಿಲ್ಲ, ಬಡಿಗೆಯನ್ನು ಖೋಲಿಯಲ್ಲೇ ಬಿಟ್ಟರು. ಮಗ ತೋರಿಸುವಾಗ ಚಂದ ಕಾಣಬೇಕೆಂದು ಇರಬೇಕು.

ಗಿಡದ ಕೆಳಗೆ ಹೋಗಿ ನಿಂತ ಸ್ವಲ್ಪ ಹೊತ್ತಿಗೆ ಮಳೆ ಬಂತು. ಮನೆಗೆ ಹೋಗಿ ಕಂಬಳಿ ತರುತ್ತೇನೆಂದರೆ ಬೇಡವೆಂದರು. ಇಳಕಲ್ ಸೀರೆಯ ಬಣ್ಣ ಕಾಲ ಮೇಲೆ ಇಳಿಯತೊಡಗಿತು. ಹಾರ್ನ್ ಕೇಳಿತು. ಲಾರಿ ಬಂದು ನಿಂತಿತು. ಮುನಶಿ ನಮ್ಮ ಕಡೆಯ ಕಿಟಕಿಯಲ್ಲಿದ್ದ. ಗಾಜು ಇಳಿಸಿ, ಅತ್ತೆಯನ್ನು ನೋಡಿ ಗುರುತು ಹಿಡಿದ.

“ಏ ಅಜ್ಜಿ, ನೀ ಬಾಜೂ ಮನಿಯಾಕಿ ಅಲ್ಲ? ಮಳ್ಯಾಗ ನೀ ಯಾಕ ನಿಂತಿ?”

ಅತ್ತೆ ಮಗನ ಮುಖ ನೋಡಿದರು. ಅವರು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಕುಳಿತಿದ್ದರು. ಬಾಯಿ ತೆರೆದರು, ನಾನು ನೋಡಿದೆ. ತುಟಿ ಅಲ್ಲಾಡಿತು. ವೈಪರ್ ಅತ್ತಿಂದಿತ್ತ ಹೋಗಿ ಬಂತು. ಅತ್ತೆ ಕಾದರು. ಮಗನಿಗೆ ಸಾಕಷ್ಟು ಹೊತ್ತು ಕೊಟ್ಟರು. ನನಗೂ ಕೊಟ್ಟರು ಎನ್ನಬೇಕು, ಯಾಕೆಂದರೆ ಆ ಮಾತನ್ನು ನಾನೂ ಹೇಳಬಹುದಿತ್ತು. ನಾನು ಡಬ್ಬಿ ಹಿಡಿದು ನಿಂತಿದ್ದೆ. ಮನೆ, ಗಾಡಿ, ಮತ್ತೆ ಔರಾದಿನ ಹಳ್ಳ ಎಲ್ಲ ಕಣ್ಣ ಮುಂದೆ ಬಂದವು. ಹೇಳಲಿಲ್ಲ.

“ಹೌದ್ರಿ, ಬಾಜೂ ಮನಿಯಾಕೀನೆ,” ಎಂದರು ಅತ್ತೆ. “ಒಬ್ಬಾಕಿ ಹೆಣ್ಣುಮಗಳು ರೋಡಿಗಿ ನಿಂದ್ರಬಾರದಂತ ಜೋಡಿ ಬಂದೇನಿ.”

“ಬಾಜೂ ಮನಿಯವರು ಅಂದ್ರ ಹಿಂಗಿರಬೇಕು ನೋಡು ಮಾಣಿಕಪ್ಪ,” ಎಂದ ಮುನಶಿ.

ಅತ್ತೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಆಚೆ ಕಡೆಯ ಬಾಗಿಲಿಗೆ ಹೋಗಿ ಮೇಲೆ ಕೊಟ್ಟರು. “ಉಣ್ರಿ, ಆರಿ ಹೋಗ್ತದ,” ಎಂದರು. ಹೆತ್ತ ಮಗನಿಗೆ ರಿ ಹಚ್ಚಿ ಮಾತಾಡಿದರು. ಲಾರಿ ಹೋಯಿತು. ನಾವು ಮನೆಗೆ ನಡೆದೆವು. ದಾರಿಯಲ್ಲಿ ಎಮ್ಮೆ ಕಾಯುವವನು ಎಂದಿನಂತೆ, “ಬಂತೇನು ಮಗನ ಗಾಡಿ?” ಎಂದು ಕೇಳಿದ. ಅತ್ತೆ ಕೇಳಿಸದವರಂತೆ ನಡೆದರು.

ಎಡೆಯನ್ನು ಮಾವನ ತಮ್ಮನ ಮಗ ಇಟ್ಟ. ನಾನೂ ಪೂಜಾಳೂ ಹೋಗಿದ್ದೆವು. ಮಗ ಎಲ್ಲಿ ಎಂದು ಕೇಳಿದವರಿಗೆಲ್ಲ ಅತ್ತೆ ಗಾಡಿ ಕೆಟ್ಟು ನಿಂತಿದೆ ಎಂದು ಹೇಳಿದರು. ನಾನು ಅಡುಗೆಯ ಒಲೆ ಬಿಟ್ಟು ಏಳಲಿಲ್ಲ. ದಸರೆ ಮುಗಿದ ಮೇಲೆ ನಮ್ಮ ಮನೆಯವರು ಚಾವಿಯನ್ನು ಮುನಶಿಯ ಮೇಜಿನ ಮೇಲೆ ಇಟ್ಟು ಬಂದರು. “ಏನಂತ ಹೇಳಿ ಬಿಟ್ರಿ?” ಎಂದು ಕೇಳಿದೆ. ಏನೂ ಹೇಳಲಿಲ್ಲವಂತೆ. ಆಗಲೂ ಹೇಳಲಿಲ್ಲ.

ಈಗ ನಾವು ಬೀದರಿನ ಚಿದ್ರಿಯಲ್ಲಿದ್ದೇವೆ. ಅವರು ಊರೊಳಗೇ ನೀರಿನ ಟ್ಯಾಂಕರ್ ಓಡಿಸುತ್ತಾರೆ, ಮಧ್ಯಾಹ್ನ ಮನೆಗೆ ಬಂದು ಉಣ್ಣುತ್ತಾರೆ. ಅತ್ತೆಯನ್ನು ಕರೆತಂದು ನಮ್ಮ ಜೊತೆ ಇಟ್ಟುಕೊಂಡಿದ್ದೇವೆ. ಇಟ್ಟುಕೊಂಡಿದ್ದೇವೆ ಎಂದು ಬರೆಯಲೂ ನಾಚಿಕೆಯಾಗುತ್ತದೆ. ಆ ವರ್ಷದ ಮಾತನ್ನು ಮೂವರಲ್ಲಿ ಯಾರೂ ಎತ್ತಿಲ್ಲ. ಅತ್ತೆ ಮರೆತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಜವಳದಿಂದ ಬಂದ ಮರುದಿನ ಮಧ್ಯಾಹ್ನ ನಳದ ನೀರಿನ ಲೆಕ್ಕ ನೋಡುವವನೊಬ್ಬ ಬಂದ. ಅತ್ತೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯವರು ಊಟಕ್ಕೆ ಕುಳಿತಿದ್ದರು. “ಮನ್ಯಾಗ ಎಷ್ಟು ಮಂದಿ ಅದೀರಿ? ಅಜ್ಜಿ, ನೀವು ಇದೇ ಮನಿಯವರೇನ್ರಿ?” ಎಂದು ಅವನು ಕೇಳಿದ್ದು ಕೇಳಿಸಿತು.

“ಅಲ್ರಿ,” ಎಂದರು ಅತ್ತೆ. “ನಾ ಬಾಜೂ ಮನಿಯಾಕಿ.”

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. “ನಮ್ಮತ್ತಿ ರೀ ಇವರು. ನಮ್ಮ ಮನಿಯವರ ತಾಯಿ. ಇಲ್ಲೇ ಇರ್ತಾರ, ಬರಕೋರಿ,” ಎಂದೆ. ಧ್ವನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಅವನು ನನ್ನನ್ನು ವಿಚಿತ್ರವಾಗಿ ನೋಡಿ, ಬರೆದುಕೊಂಡು ಮುಂದಿನ ಮನೆಗೆ ಹೋದ. ಅತ್ತೆ ನನ್ನ ಸೆರಗು ಹಿಡಿದು ಎಳೆದು, ಮೆಲ್ಲಗೆ ಗದರಿದರು.

“ನೀ ಯಾಕ ಹೇಳಿದಿ? ಮಾಣಿಕನ ಕೆಲಸಕ್ಕ ಏನಾರ ಆದ್ರ?”

“ಅವರು ನಳದವರ್ರಿ ಅತ್ತಿ.”

“ಯಾರು ಯಾರ ಕಡಿಯವರು ನಿನಗೇನು ಗೊತ್ತು,” ಎಂದರು.

ನಾನು ಒಳಗೆ ಬಂದೆ. ನಮ್ಮ ಮನೆಯವರು ಮುರಿದ ರೊಟ್ಟಿಯ ಮೇಲೆ ಕೈ ಇಟ್ಟುಕೊಂಡು ಹಾಗೇ ಕುಳಿತಿದ್ದರು. ಎಲ್ಲ ಕೇಳಿಸಿತ್ತು. ಏಳಲಿಲ್ಲ, ನನ್ನ ಕಡೆ ನೋಡಲಿಲ್ಲ. ಹೊರಗೆ ಆ ಮನುಷ್ಯ ಓಣಿಯ ತಿರುವು ದಾಟುವವರೆಗೆ ಅತ್ತೆ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಿರಬೇಕು. ಆಮೇಲೆ ಕಟ್ಟೆಯಿಂದಲೇ ಮಗನಿಗೆ ಕೂಗಿ ಹೇಳಿದರು:

“ಮಾಣಿಕ, ಹೋದ ಅವ. ನೀ ಉಣ್ಣು.”